ಒಡೆದ ಸಂಚಿಕೆಗಳಿಂದ ಒಂದು ಇಡೀ ಕಥೆ: ನನ್ನ ಅನುಭವ

ಕಳೆದ ದೀಪಾವಳಿಯ ಮರುದಿನ ರಾತ್ರಿ ಮಕ್ಕಳ ಮಾಸಪತ್ರಿಕೆ ‘ಚಂದಮಾಮ’ದ ಒಂದು ಹಳೆಯ ಧಾರಾವಾಹಿಯನ್ನು ಮೊದಲ ಕಂತಿನಿಂದ ಕೊನೆಯ ಕಂತಿನವರೆಗೆ ಕೂತಲ್ಲಿಂದ ಏಳದೆ ಓದಿ ಮುಗಿಸಿದೆ. ಅದರ ಮೊದಲ ಕಂತನ್ನು ಓದಿದಾಗ ನನಗೆ ಒಂಬತ್ತು ವರ್ಷ. ಕೊನೆಯ ಕಂತನ್ನು ಓದಿದಾಗ ಐವತ್ತೊಂದು.

ನಮ್ಮೂರ ಕ್ಷೌರದಂಗಡಿಗೆ ಪ್ರತಿ ತಿಂಗಳು ‘ಚಂದಮಾಮ’ ಬರುತ್ತಿತ್ತು. ನಮ್ಮ ಮನೆಗೆ ಬರುತ್ತಿರಲಿಲ್ಲ. ಕೂದಲು ಬೆಳೆದರೆ ಮಾತ್ರ ಓದು. ಕೆಲವು ತಿಂಗಳು ಸಂಚಿಕೆ ಇನ್ನೊಬ್ಬರ ಕೈಯಲ್ಲಿರುತ್ತಿತ್ತು, ಕೆಲವು ತಿಂಗಳು ಅರ್ಧ ಓದುವಷ್ಟರಲ್ಲಿ ನನ್ನ ಸರದಿ ಬಂದು ಕುರ್ಚಿಯ ಕೈಮೇಲೆ ಹಲಗೆ ಹಾಕಿ ಕೂರಿಸುತ್ತಿದ್ದರು. ಹೀಗೆ ಇಪ್ಪತ್ತಕ್ಕೂ ಹೆಚ್ಚು ಕಂತುಗಳಲ್ಲಿ ಹನ್ನೆರಡೋ ಹದಿಮೂರೋ ಓದಿದ್ದೆ. ಅಷ್ಟರಲ್ಲಿ ಅಪ್ಪನಿಗೆ ವರ್ಗವಾಯಿತು. ಹೊಸ ಊರಿನಲ್ಲಿ ಕ್ಷೌರದಂಗಡಿಯಲ್ಲಿ ಗೋಡೆಯ ಮೇಲೆ ಸಿನಿಮಾ ನಟರ ಚಿತ್ರಗಳಿದ್ದವು, ಪುಸ್ತಕವಿರಲಿಲ್ಲ. ಕಥೆಯ ರಾಜಕುಮಾರ ಕಣಿವೆಯ ಅಂಚಿನಲ್ಲಿ ನಿಂತವನು ನಿಂತೇ ಉಳಿದ.

ಧಾರಾವಾಹಿಯ ಹೆಸರನ್ನು ನಾನು ಹೇಳುವುದಿಲ್ಲ. ಇನ್ನೊಂದು ಪ್ರತಿ ಕಟ್ಟುವುದಕ್ಕೆ ನನಗೆ ಇನ್ನೂ ಆರು ಕಂತುಗಳು ಬೇಕು. ಹೆಸರು ಹೊರಬಿದ್ದರೆ ಬೆಲೆ ಎಲ್ಲಿಗೆ ಹೋಗುತ್ತದೆ ಎಂಬುದು ಈ ಹಾದಿಯಲ್ಲಿ ನಡೆದವರಿಗೆಲ್ಲ ಗೊತ್ತು.

ಆಮೇಲೆ ನಾನು ಗಣಿತದ ಮೇಷ್ಟ್ರಾದೆ. ಓದುವುದನ್ನೆಲ್ಲ ಓದಿದೆ, ದೊಡ್ಡವರ ಕಾದಂಬರಿಗಳನ್ನೂ ಓದಿದೆ. ಆದರೆ ಜ್ವರ ಬಂದು ಮಲಗಿದಾಗ, ರಾತ್ರಿಯ ಬಸ್ಸಿನಲ್ಲಿ ನಿದ್ದೆ ಹತ್ತದಾಗ ಮನಸ್ಸು ಹೋಗಿ ನಿಲ್ಲುತ್ತಿದ್ದುದು ಆ ಕಣಿವೆಯ ಅಂಚಿನಲ್ಲೇ. ಸ್ಟಾಫ್ ರೂಮಿನಲ್ಲಿ ಒಬ್ಬರು, ‘ಈ ವಯಸ್ಸಿನಲ್ಲಿ ಚಂದಮಾಮವೇ ಮೇಷ್ಟ್ರೇ?’ ಎಂದು ಕೇಳಿದರು. ಹೌದು ಎಂದೆ. ಆ ಕಥೆಗಳಲ್ಲಿ ಕೊಟ್ಟ ಮಾತಿಗೆ ಬೆಲೆಯಿದೆ. ಕಾಡಿಗೆ ಹೋದ ಹುಡುಗ ಹೋದ ಹಾಗೆಯೇ ಮರಳುವುದಿಲ್ಲ. ರಾಕ್ಷಸನ ಜೀವ ಏಳು ಸಮುದ್ರದಾಚೆ ಯಾವುದೋ ಗಿಳಿಯ ಎದೆಯಲ್ಲಿ ಇದ್ದೇ ಇರುತ್ತದೆ, ಹುಡುಕುವವನಿಗೆ ಸಿಕ್ಕೇ ಸಿಗುತ್ತದೆ. ನನಗೆ ಇದು ಒಂಬತ್ತಕ್ಕೂ ಬೇಕಿತ್ತು, ಐವತ್ತೊಂದಕ್ಕೂ ಬೇಕು.

ಸುಮಾರು ಆರು ವರ್ಷದ ಹಿಂದೆ ಹುಡುಕಾಟ ಶುರುವಾದಾಗ ಎಲ್ಲರಂತೆ ನಾನೂ ಒಳ್ಳೆಯ ಪ್ರತಿಗಳ ಬೆನ್ನುಹತ್ತಿದೆ. ಮುಖಪುಟ ಇರಬೇಕು, ಪಿನ್ನು ಬಿಗಿಯಾಗಿರಬೇಕು, ಹಾಳೆ ಎಣಿಕೆ ಸರಿಯಿರಬೇಕು. ಅಂಥ ಒಂದು ಸಂಚಿಕೆಗೆ ಆಗಲೇ ಮುನ್ನೂರು ನಾನೂರು ರೂಪಾಯಿ ಕೇಳುತ್ತಿದ್ದರು. ಬೇತಾಳದ ಒಳ್ಳೆಯ ಚಿತ್ರವೋ ಮುಖಪುಟದಲ್ಲಿ ಮಹಾಭಾರತದ ಚಿತ್ರವೋ ಇದ್ದರೆ ಎಂಟುನೂರಕ್ಕೂ ಏರುತ್ತಿತ್ತು. ಮಹಾಭಾರತದ ಆ ಹಳೆಯ ಮುಖಪುಟಗಳನ್ನು ಬರೆದ ಎಂ.ಟಿ.ವಿ. ಆಚಾರ್ಯರು ಕನ್ನಡಿಗರು. ಆ ಬೆಲೆ ನ್ಯಾಯವೇ, ನಾನು ತಕರಾರು ಮಾಡುವುದಿಲ್ಲ. ಆದರೆ ಮೊದಲ ಒಂದೂವರೆ ವರ್ಷದಲ್ಲಿ ಹನ್ನೊಂದು ಸಾವಿರ ಖರ್ಚಾಗಿ ನನ್ನ ಧಾರಾವಾಹಿಯ ನಾಲ್ಕು ಕಂತುಗಳಷ್ಟೇ ಕೈಸೇರಿದವು. ಲೆಕ್ಕದ ಮೇಷ್ಟ್ರಿಗೆ ಲೆಕ್ಕ ಹಾಕುವುದು ಕಷ್ಟವಲ್ಲ. ಹೀಗೇ ಹೋದರೆ ಅರವತ್ತು ಸಾವಿರ ಬೇಕು, ಎಂಟು ಹತ್ತು ವರ್ಷ ಬೇಕು.

ಆಗ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಸಾಲಿನಲ್ಲಿ ಒಂದು ಸಂಜೆ ನೋಡಿದೆ. ಮುಖಪುಟ ಹೋದ, ನಡುವಿನ ಹಾಳೆ ಕಳೆದ, ಇಲಿ ಮೂಲೆ ತಿಂದ ಸಂಚಿಕೆಗಳ ಒಂದು ಗೋಣಿಚೀಲ. ಯಾರಿಗೂ ಬೇಡ. ನೂರ ಮೂವತ್ತು ನೂರ ನಲವತ್ತು ಇದ್ದಿರಬೇಕು, ಎಲ್ಲ ಸೇರಿ ಎರಡು ಸಾವಿರದ ಎಂಟುನೂರಕ್ಕೆ ಕೊಟ್ಟ. ಮನೆಗೆ ತಂದು ಅಂಗಳದಲ್ಲಿ ಹರಡಿ ವಿಂಗಡಿಸಿದಾಗ ನನ್ನ ಧಾರಾವಾಹಿಯ ಏಳು ಕಂತುಗಳು ಸಿಕ್ಕವು. ಯಾವುದೂ ಪೂರ್ಣವಲ್ಲ. ಆದರೆ ಒಂದು ಕಂತಿನ ಮೊದಲರ್ಧ ಒಂದು ಪ್ರತಿಯಲ್ಲಿ, ಉಳಿದರ್ಧ ಇನ್ನೊಂದು ಪ್ರತಿಯಲ್ಲಿ ಇತ್ತು. ಅಲ್ಲೇ ನನ್ನ ವಿಧಾನ ಹುಟ್ಟಿತು: ಒಳ್ಳೆಯ ಪ್ರತಿಗಳನ್ನು ಅವುಗಳ ಪಾಡಿಗೆ ಬಿಟ್ಟು ಕೆಟ್ಟ ಪ್ರತಿಗಳನ್ನೇ ಮೂಟೆಗಟ್ಟಲೆ ಕೊಳ್ಳುವುದು, ಎರಡು ಮೂರು ಹಾಳಾದ ಸಂಚಿಕೆಗಳನ್ನು ಬಿಚ್ಚಿ ಒಂದು ಇಡೀ ಕಂತು ಕಟ್ಟುವುದು.

ಇದನ್ನು ಹಿರಿಯ ಸಂಗ್ರಾಹಕರೊಬ್ಬರಿಗೆ ಹೇಳಿದೆ. ಅವರು ಕುಡಿಯುತ್ತಿದ್ದ ಕಾಫಿ ಕೆಳಗಿಟ್ಟು, ಸಂಚಿಕೆ ಒಡೆಯುವುದೆಂದರೆ ಮೂರ್ತಿ ಭಂಗ ಮಾಡಿದ ಹಾಗೆ, ಇನ್ನು ನನ್ನ ಮನೆಗೆ ಬರಬೇಡಿ ಎಂದರು. ಅವರ ಭಕ್ತಿ ದೊಡ್ಡದು, ಅದಕ್ಕೆ ಎದುರಾಡಲಿಲ್ಲ. ಆದರೆ ನಾನು ಒಡೆದದ್ದು ಆಗಲೇ ಒಡೆದಿದ್ದವನ್ನು. ಪೂರ್ಣ ಸಂಚಿಕೆಯೊಂದರ ಪಿನ್ನನ್ನು ನಾನು ಇಂದಿಗೂ ಮುಟ್ಟಿಲ್ಲ.

ಎರಡನೆಯ ಮಾತು ಬೈಂಡರ್‌ನದು. ನಲವತ್ತು ವರ್ಷ ಕಚೇರಿ ರಿಜಿಸ್ಟರು ಕಟ್ಟಿದ ಕೈ. ಹಾಳೆಯ ಮೂಲೆ ಮಡಚಿ ನೋಡಿದ, ಮೂಲೆ ಅವನ ಬೆರಳಲ್ಲೇ ಉಳಿಯಿತು. ‘ಇದು ಕಾಗದವಲ್ಲ ಸ್ವಾಮಿ, ಹಪ್ಪಳ. ಸೂಜಿ ತಾಗಿದರೆ ಪುಡಿ’ ಎಂದ. ಆದರೂ ನಾನು ಬಲವಂತ ಮಾಡಿ ಮೊದಲ ಐದು ಕಂತುಗಳನ್ನು ಕಟ್ಟಿಸಿದೆ. ಪಕ್ಕದಿಂದ ತೂತು ಹೊಡೆದು ಹೊಲಿದು, ಮೂರು ಬದಿ ಕತ್ತರಿಸಿ, ರೆಕ್ಸಿನ್ ಹಾಕಿ ಕೊಟ್ಟ. ನಾನೂರೈವತ್ತು ರೂಪಾಯಿ. ಮನೆಗೆ ಬಂದು ತೆರೆದರೆ ಒಳಬದಿಯ ಎರಡೆರಡು ಅಕ್ಷರ ಹೊಲಿಗೆಯೊಳಗೆ ಮುಳುಗಿದ್ದವು. ಕತ್ತರಿಸಿದ ಕಡೆ ಪುಟಸಂಖ್ಯೆ ಹೋಗಿತ್ತು. ಬಲವಂತವಾಗಿ ಅಗಲಿಸಿದಾಗ ಹೊಲಿಗೆಯ ಗೆರೆಯುದ್ದಕ್ಕೂ ಹಾಳೆ ಟಕ್ಕನೆ ಮುರಿಯಿತು. ಅವನು ಹೇಳಿದ್ದು ಸರಿಯಾಗಿಯೇ ಇತ್ತು.

ಆ ವರ್ಷ ಮಾಡಿದ ತಪ್ಪುಗಳನ್ನು ಬರೆದುಬಿಡುತ್ತೇನೆ, ಬೇರೆಯವರ ದುಡ್ಡು ಉಳಿಯಲಿ. ಒಂದು ಅಂಗಡಿಯಲ್ಲಿ ಹದಿನೆಂಟು ಹಾಳೆಗಳಿಗೆ ಲ್ಯಾಮಿನೇಷನ್ ಮಾಡಿಸಿದೆ. ಎರಡು ಮಳೆಗಾಲದಲ್ಲಿ ಒಳಗೆ ಕಂದು ಮೋಡಗಳೆದ್ದವು. ಇನ್ನು ಅವನ್ನು ಹೊರತೆಗೆಯುವ ದಾರಿಯೇ ಇಲ್ಲ. ಬಡಗಿಗಳು ಬಳಸುವ ಬಿಳಿ ಅಂಟಿನಿಂದ ಹರಿದ ಕಡೆ ಪಟ್ಟಿ ಹಚ್ಚಿದೆ. ಒಣಗಿದ ಮೇಲೆ ಪಟ್ಟಿ ಗಟ್ಟಿ, ಅದರ ಅಂಚಿಗೆ ಹೊಸದಾಗಿ ಹರಿಯಿತು. ಪಾರದರ್ಶಕ ಟೇಪಿನ ಮಾತೇ ಬೇಡ. ಹಳೆಯ ಓದುಗರು ಹಚ್ಚಿದ್ದ ಟೇಪಿನ ಕಲೆ ತೆಗೆಯುವುದರಲ್ಲೇ ನನ್ನ ಅರ್ಧ ಭಾನುವಾರಗಳು ಹೋದವು. ಹಳದಿ ಇಳಿಯಲೆಂದು ನಾಲ್ಕು ಹಾಳೆಗಳನ್ನು ಬಿಸಿಲಿಗೆ ಇಟ್ಟೆ, ಇನ್ನಷ್ಟು ಕಂದಾಗಿ ತೆಂಗಿನ ಗರಿಯಂತೆ ಸುರುಳಿ ಸುತ್ತಿಕೊಂಡವು. ಮೈದಾ ಅಂಟಿಗೆ ಹಳೆಯ ಬೈಂಡರುಗಳಂತೆ ಮೈಲುತುತ್ತ ಬೆರೆಸಿದೆ. ಹುಳು ಬರಲಿಲ್ಲ, ಆದರೆ ತಿಳಿ ಕಾಗದದ ಮೇಲೆ ಹಸಿರು ನೆರಳು ಕುಳಿತಿತು. ರಿಜಿಸ್ಟರಿಗೆ ಅದು ಸರಿ, ಚಿತ್ರದ ಹಾಳೆಗೆ ಬೇಡ.

ದಾರಿ ತೋರಿಸಿದ್ದು ಮದುವೆಯ ಹಳೆಯ ಆಲ್ಬಂ. ಹೆಂಡತಿ ಯಾರಿಗೋ ತೋರಿಸುತ್ತಿದ್ದಳು. ಅದು ಮೇಜಿನ ಮೇಲೆ ತೆರೆದರೆ ಚಪ್ಪಟೆಯಾಗಿ ಬೀಳುತ್ತಿತ್ತು. ಬಗ್ಗಿ ನೋಡಿದರೆ ಹೊಲಿಗೆ ಇದ್ದುದು ಹಾಳೆಯಲ್ಲಲ್ಲ, ಹಾಳೆಗೆ ಅಂಟಿಸಿದ ಬಟ್ಟೆಯ ಪಟ್ಟಿಯಲ್ಲಿ. ಬೈಂಡಿಂಗ್ ಬಲ್ಲವರಿಗೆ ಇಂಥ ಪಟ್ಟಿ, ಅಂದರೆ ಗಾರ್ಡ್, ಹಾಕುವುದು ಹೊಸದಲ್ಲ, ನಕಾಶೆ ಕಟ್ಟುವವರು ಎಂದಿನಿಂದಲೂ ಮಾಡುತ್ತಾರೆ. ಆದರೆ ಎರಡು ರೂಪಾಯಿಯ ಮಕ್ಕಳ ಮಾಸಪತ್ರಿಕೆಗೆ, ಒಂದೊಂದು ಹಾಳೆಗೂ ಗಾರ್ಡ್ ಹಾಕಬೇಕೆಂದು ಹೊರಟವರನ್ನು ನಾನು ಕಂಡಿರಲಿಲ್ಲ. ಹಾಳೆಗೆ ಪಟ್ಟಿ ಅಂಟಿಸು, ಪಟ್ಟಿಗಳನ್ನು ಮಾತ್ರ ಹೊಲಿ, ಹಳೆಯ ಕಾಗದಕ್ಕೆ ಸೂಜಿಯೇ ಸೋಕುವುದು ಬೇಡ. ಬೈಂಡರ್‌ಗೆ ಹೇಳಿದರೆ, ‘ಇನ್ನೂರು ಹಾಳೆಗೆ ಇನ್ನೂರು ಪಟ್ಟಿ, ಬೆನ್ನು ಉಬ್ಬಿ ಬುಟ್ಟಿಯಾಗುತ್ತದೆ’ ಎಂದ. ಇಲ್ಲಿ ಮಾತ್ರ ಅವನ ಮಾತು ತಪ್ಪಾಯಿತು.

ಬೆನ್ನು ಏಕೆ ಉಬ್ಬಲಿಲ್ಲ ಎಂದರೆ, ರಿಪೇರಿಯಾದ ಹಾಳೆಯೂ ಸ್ವಲ್ಪ ದಪ್ಪವಾಗಿರುತ್ತದೆ. ಪಟ್ಟಿಯ ದಪ್ಪ ಹಾಳೆಯ ದಪ್ಪಕ್ಕೆ ಸರಿಹೊಂದುವಂತೆ ಆರಿಸಿಕೊಂಡರೆ ಬೆನ್ನೂ ಅಂಚೂ ಸಮ ನಿಲ್ಲುತ್ತವೆ. ಮೂರು ಬಗೆಯ ಕಾಗದದಲ್ಲಿ ಒಂದೊಂದು ಕಂತು ಕಟ್ಟಿ ನೋಡಿ, ಕೊನೆಗೆ ಹತ್ತಿ ಚಿಂದಿಯಿಂದ ಮಾಡಿದ ಒಂದು ಕೈಕಾಗದಕ್ಕೆ ನಿಂತೆ. ಯಾವ ಊರಿನದು, ಎಷ್ಟು ದಪ್ಪದ್ದು ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಮೂರು ವರ್ಷ ಕೈ ಸುಟ್ಟುಕೊಂಡು ಕಂಡುಕೊಂಡದ್ದು. ಪಟ್ಟಿಯ ಅಗಲ ಸುಮಾರು ಒಂದು ಇಂಚು, ಅದರಲ್ಲಿ ಹಾಳೆಯ ಮೇಲೆ ಕೂರುವುದು ಕಾಲು ಇಂಚಿಗಿಂತ ಕಡಿಮೆ.

ಒಂದು ಹಾಳೆಯ ಕೆಲಸವನ್ನು ಹತ್ತಿರದಿಂದ ಹೇಳುತ್ತೇನೆ. ತುಕ್ಕು ಹಿಡಿದ ಪಿನ್ನನ್ನು ಹಿಂಬದಿಯಿಂದ ಮೊಂಡು ಚಾಕುವಿನಲ್ಲಿ ಮೇಲೆತ್ತಿ, ಕಾಲುಗಳನ್ನು ನೇರ ಮಾಡಿ, ಮುಂದಿನಿಂದ ಎಳೆಯಬೇಕು. ನೇರವಾಗಿ ಕಿತ್ತರೆ ತುಕ್ಕಿನ ಜೊತೆ ಕಾಗದವೂ ಬರುತ್ತದೆ. ಮೆತ್ತನೆಯ ಬ್ರಷ್ಷಿನಲ್ಲಿ ಒಳಮಡಿಕೆಯಿಂದ ಹೊರಕ್ಕೆ ಧೂಳು ತೆಗೆಯಬೇಕು. ಆ ಮಡಿಕೆಯಲ್ಲಿ ಏನೇನು ಸಿಗುತ್ತದೆ! ಕಡಲೆಕಾಯಿ ಸಿಪ್ಪೆಯ ಒಳಪೊರೆ, ಒಣಗಿದ ಸಂಪಿಗೆಯ ಎಸಳು, ಒಂದು ಕಡೆ ಪುಟ್ಟ ಬೆರಳಿನ ಎಣ್ಣೆಯ ಗುರುತು. ಬೆರಳಿನ ಗುರುತನ್ನು ನಾನು ತೆಗೆಯುವುದಿಲ್ಲ. ಹರಿದ ಕಡೆಗೆ ಜಪಾನಿ ಟಿಷ್ಯೂ ಕಾಗದ. ಅದನ್ನು ಕತ್ತರಿಯಲ್ಲಿ ಕತ್ತರಿಸದೆ ನೀರಿನ ಗೆರೆ ಎಳೆದು ಕೈಯಲ್ಲಿ ಹರಿಯಬೇಕು. ಆಗ ಅಂಚಿನಲ್ಲಿ ಬೆಕ್ಕಿನ ಮೀಸೆಯಂಥ ನಾರುಗಳು ಹೊರಬಂದು ಹಳೆಯ ಕಾಗದವನ್ನು ಹಿಡಿದುಕೊಳ್ಳುತ್ತವೆ. ಅಂಟು ಹಚ್ಚಿ, ಮೇಲೆ ಪಾಲಿಯೆಸ್ಟರ್ ಬಟ್ಟೆ, ಅದರ ಮೇಲೆ ಬ್ಲಾಟಿಂಗ್ ಕಾಗದ, ಅದರ ಮೇಲೆ ಗಾಜು, ಗಾಜಿನ ಮೇಲೆ ಕಾಗದ ಸುತ್ತಿದ ಇಟ್ಟಿಗೆ. ಇಪ್ಪತ್ತು ನಿಮಿಷಕ್ಕೊಮ್ಮೆ ಬ್ಲಾಟಿಂಗ್ ಬದಲಿಸಬೇಕು. ಕೈ ಕುದುರಿದ ಮೇಲೆ ಭಾನುವಾರ ಒಂದಕ್ಕೆ ಎಂಟು ಹಾಳೆ ಮಾಡುತ್ತಿದ್ದೆ. ಹತ್ತು ಮಾಡಿದ ದಿನವೂ ಇದೆ.

ಅಂಟಿನ ಬಗ್ಗೆ. ಅಂಗಡಿಯ ಮೈದಾ ಹಾಗೆಯೇ ಕುದಿಸಿದರೆ ಒಣಗಿದ ಮೇಲೆ ಬಿರುಸು, ಜಿರಳೆಗೆ ಹಬ್ಬ. ಗೋಧಿಯ ಹಾಲು ತೆಗೆದು ಹಲ್ವ ಮಾಡುವ ಮನೆಯಲ್ಲಿ ಬೆಳೆದವರಿಗೆ ಮುಂದಿನದು ಸುಲಭ. ಹಿಟ್ಟು ನಾದಿ, ನೀರಿನಲ್ಲಿ ಹಿಸುಕಿ, ಜಿಗುಟನ್ನು ಬೇರೆ ಮಾಡಿ, ಹಾಲನ್ನು ರಾತ್ರಿಯಿಡೀ ಅಲುಗಿಸದೆ ಬಿಟ್ಟರೆ ಅಡಿಯಲ್ಲಿ ಬಿಳಿಯ ಗಷ್ಟು ಕೂರುತ್ತದೆ. ಅದನ್ನು ಒಂದಕ್ಕೆ ನಾಲ್ಕೈದು ಪಾಲು ನೀರಿನಲ್ಲಿ ಸಣ್ಣ ಉರಿಯಲ್ಲಿ ಕೈಬಿಡದೆ ಕಲಕಿ, ಆರಿದ ಮೇಲೆ ಎರಡು ಸಲ ಜರಡಿ ಹಿಡಿಯಬೇಕು. ಮಜ್ಜಿಗೆಗಿಂತ ಸ್ವಲ್ಪ ಗಟ್ಟಿ ಇರಲಿ. ನಮ್ಮ ಅಮ್ಮ ಆ ಬಟ್ಟಲು ನೋಡಿ ಏಲಕ್ಕಿ ಹಾಕಲೇ ಎಂದು ಕೇಳಿದ್ದುಂಟು. ಮಳೆಗಾಲದಲ್ಲಿ ಅಂಟು ಎರಡನೆಯ ದಿನಕ್ಕೇ ಹುಳಿಯುತ್ತದೆ, ಆಗ ನಾನು ಬೆರೆಸುವುದು ಇನ್ನೊಂದಿದೆ, ಅದನ್ನು ಕೇಳಬೇಡಿ. ಪ್ರತಿ ಶನಿವಾರ ಸಂಜೆ ಹೊಸದಾಗಿ ಬೇಯಿಸಿಕೊಂಡರೆ ಏನೂ ಬೇಕಾಗುವುದಿಲ್ಲ.

ಹುಳುವಿಗೆ ನನ್ನ ಔಷಧ ಚಳಿ. ಹೊಸದಾಗಿ ಬಂದ ಮೂಟೆಯನ್ನು ಮನೆಯೊಳಗೆ ತರುವ ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಐಸ್‌ಕ್ರೀಂ ಅಂಗಡಿಯ ಗೆಳೆಯನ ಡೀಪ್ ಫ್ರೀಜರಿನ ತಳದಲ್ಲಿ ಎರಡು ವಾರ ಇಡುತ್ತೇನೆ. ಹೊರತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ಕಾಗದದ ಮೇಲೆ ಬೆವರು ಇಳಿಯುತ್ತದೆ. ಒಮ್ಮೆ ಆತುರಪಟ್ಟು ಬಿಚ್ಚಿ ಮೂರು ಮುಖಪುಟಗಳು ಒಂದಕ್ಕೊಂದು ಅಂಟಿಕೊಂಡವು.

ನಡುವೆ ಒಂದು ಬೇರೆ ಪ್ರಯೋಗಕ್ಕೂ ಇಳಿದೆ. ಕಾಗದದ ಹುಳಿ, ಅಂದರೆ ಆಮ್ಲ, ಇಳಿಸಲು ಸುಣ್ಣದ ತಿಳಿನೀರು ಒಳ್ಳೆಯದು ಎಂಬುದು ತಿಳಿದ ವಿಷಯವೇ. ಎಲೆ ಅಡಿಕೆಯ ಸುಣ್ಣವನ್ನೇ ಕದಡಿ, ತಿಳಿಯಾದ ಮೇಲೆ ಮೇಲಿನ ನೀರು ಬಸಿದು, ಬೇಡವಾದ ಹಾಳೆಗಳನ್ನು ಅದ್ದಿದೆ. ಬರೀ ಅಕ್ಷರವಿದ್ದ ಹಾಳೆ ಚೆನ್ನಾಗಿ ಬಂತು, ಬಣ್ಣವೂ ತಿಳಿಯಾಯಿತು, ಮುರುಕುತನವೂ ಕಡಿಮೆಯಾದಂತೆ ಕಂಡಿತು. ಆದರೆ ಬಣ್ಣದ ಚಿತ್ರವಿದ್ದ ಒಂದು ಹಾಳೆಯಲ್ಲಿ ಕೆಂಪು ಮಂಕಾಯಿತು. ಇನ್ನೊಂದರಲ್ಲಿ ಯಾವುದೋ ಮಗು ಶಾಯಿಯಲ್ಲಿ ಬರೆದಿದ್ದ ಹೆಸರು ಕರಗಿ ನೀಲಿ ಹೊಗೆಯಾಯಿತು. ಆ ಹೆಸರು ಹೋದದ್ದಕ್ಕೆ ನನಗೆ ಇಂದಿಗೂ ಬೇಸರವಿದೆ. ಆಮೇಲೆ ನಾನು ಚಿತ್ರದ ಹಾಳೆಗಳನ್ನು ನೀರಿಗೆ ಇಳಿಸಿಲ್ಲ. ತೇಪೆಯ ಕಾಗದದ ಬಣ್ಣ ಹೊಂದಿಸಲು ಚಹಾದ ಡಿಕಾಕ್ಷನ್‌ನಲ್ಲಿ ಅದ್ದುವುದು ಮಾತ್ರ ಚೆನ್ನಾಗಿ ಫಲಿಸಿತು. ಮೂರು ಹದದ ಚಹಾದಲ್ಲಿ ಮೂರು ಬಣ್ಣದ ಕಾಗದ ಮಾಡಿಟ್ಟುಕೊಂಡಿದ್ದೇನೆ, ಅರವತ್ತರ ಹಳದಿ, ಎಪ್ಪತ್ತರ ಹಳದಿ, ಎಂಬತ್ತರ ಹಳದಿ ಎಂದು ಹೆಸರು.

ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಇಡೀ ಧಾರಾವಾಹಿ ಕೂಡಿತು, ಒಂದು ಹಾಳೆ ಹೊರತು. ಹದಿನೇಳನೆಯ ಕಂತಿನ ನಡುವಿನ ಹಾಳೆ. ನನ್ನ ಬಳಿ ಆ ಸಂಚಿಕೆಯ ಮೂರು ಪ್ರತಿಗಳಿದ್ದವು, ಮೂರರಲ್ಲೂ ಅದೇ ಹಾಳೆ ಇಲ್ಲ. ಆ ಹಾಳೆಯಲ್ಲಿ ದೊಡ್ಡ ಚಿತ್ರವಿದ್ದಿರಬೇಕು, ಮಕ್ಕಳು ಕಿತ್ತುಕೊಂಡಿರಬೇಕು. ಒಂದೂವರೆ ವರ್ಷ ಹುಡುಕಿದೆ. ಒಬ್ಬರ ಬಳಿ ಇತ್ತು, ಆ ಒಂದು ಸಂಚಿಕೆಗೆ ಮೂರು ಸಾವಿರ ಹೇಳಿದರು. ಇರುವ ಹಣವನ್ನು ಕೊಟ್ಟುಬಿಡಬಹುದಿತ್ತು. ಆದರೆ ಅದು ಪೂರ್ಣ ಪ್ರತಿ, ಅದನ್ನು ಬಿಚ್ಚುವುದಕ್ಕೆ ನನ್ನ ಕೈ ಬರುವುದಿಲ್ಲ.

ಆಗ ಹೊಳೆದದ್ದು ಚಂದಮಾಮದ ಹುಟ್ಟಿನ ಸಂಗತಿ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಅದನ್ನು 1947ರ ಜುಲೈಯಲ್ಲಿ ಆರಂಭಿಸಿದ್ದು ತೆಲುಗು ಮತ್ತು ತಮಿಳಿನಲ್ಲಿ. ಕನ್ನಡದ್ದು ಬಂದದ್ದು 1949ರಲ್ಲಿ. ಎಲ್ಲ ಭಾಷೆಯವೂ ಮದ್ರಾಸಿನ ವಡಪಳನಿಯಿಂದಲೇ ಬರುತ್ತಿದ್ದವು, ಚಿತ್ರಗಳು ಎಲ್ಲಕ್ಕೂ ಒಂದೇ. ಈ ಸಾಹಸದ ಧಾರಾವಾಹಿಗಳನ್ನು ತೆಲುಗಿನಲ್ಲಿ ಬರೆದವರು ದಾಸರಿ ಸುಬ್ರಹ್ಮಣ್ಯಂ. 1954ರ ‘ತೋಕಚುಕ್ಕ’ದಿಂದ ಶುರುವಾಗಿ ಒಂದರ ಹಿಂದೊಂದು ಬರೆಯುತ್ತಲೇ ಹೋದರು, ಕಥೆಯ ಜೊತೆ ಅವರ ಹೆಸರು ಇರುತ್ತಿರಲಿಲ್ಲ. ನನ್ನ ಬಾಲ್ಯವನ್ನೆಲ್ಲ ಕಟ್ಟಿಕೊಟ್ಟವರ ಹೆಸರು ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ. ಚಿತ್ರ ಬರೆದವರು ‘ಚಿತ್ರಾ’ ಎಂಬ ಹೆಸರಿನ ಟಿ.ವಿ. ರಾಘವನ್. ಕನ್ನಡದ ಹಾಳೆ ಸಿಗದಿದ್ದರೆ ತೆಲುಗಿನ ಹಾಳೆ ಇದೆಯಲ್ಲ!

ಬೇಸಿಗೆ ರಜೆಯಲ್ಲಿ ಹೈದರಾಬಾದಿಗೆ ಹೋದಾಗ ಅಬಿಡ್ಸ್‌ನ ಭಾನುವಾರದ ಪುಸ್ತಕ ಸಂತೆಯಲ್ಲಿ ಬಿಸಿಲಲ್ಲಿ ಮೂರು ಗಂಟೆ ಕೂತು ಹುಡುಕಿದೆ. ಮುಖಪುಟವಿಲ್ಲದ, ಕೊನೆಯ ಹಾಳೆಗಳಿಲ್ಲದ ಒಂದು ತೆಲುಗು ಸಂಚಿಕೆ, ಅರವತ್ತು ರೂಪಾಯಿ. ನನ್ನ ಹಾಳೆ ಅದರಲ್ಲಿತ್ತು. ಪಾದಚಾರಿ ಹಾದಿಯಲ್ಲೇ ನಿಂತು ಚಿತ್ರ ನೋಡಿದೆ. ಕೈ ನಡುಗುತ್ತಿತ್ತು.

ತೆಲುಗು ಅಕ್ಷರ ಕನ್ನಡಿಗನಿಗೆ ದೂರದ್ದಲ್ಲ. ತಲಕಟ್ಟು ಬೇರೆ, ಕ, ತ, ಶ ಇಂಥ ನಾಲ್ಕಾರು ಅಕ್ಷರಗಳನ್ನು ರೂಢಿಸಿಕೊಂಡರೆ ತಡವರಿಸಿಯಾದರೂ ಓದಬಹುದು. ಅರ್ಥ ಮಾತ್ರ ಬೇರೆ ಮಾತು. ‘ಪುಲಿ’ ಹುಲಿಯಾಗಲು ಕ್ಷಣ ಸಾಕು, ‘ಗುರ್ರಂ’ ಕುದುರೆಯೆಂದು ತಿಳಿಯಲು ನಿಘಂಟು ಬೇಕಾಯಿತು. ಎರಡು ಪುಟಕ್ಕೆ ಹನ್ನೊಂದು ಸಂಜೆ. ತೆಲುಗು ಬಲ್ಲ ಸಹೋದ್ಯೋಗಿಗೆ ತೋರಿಸಿ ತಿದ್ದಿಸಿಕೊಂಡೆ. ಆಮೇಲೆ ಹಳೆಯ ಚಂದಮಾಮದ ಕನ್ನಡ ಹೇಗೆ ನಡೆಯುತ್ತದೆ ಎಂಬುದನ್ನು ಕಿವಿಯಲ್ಲಿ ಇಟ್ಟುಕೊಂಡು ಮೂರು ಸಲ ಬರೆದೆ. ಅಲ್ಲಿ ಯಾರೂ ಸುಮ್ಮನೆ ‘ಹೇಳುವುದಿಲ್ಲ’. ವಿನಯದಿಂದ ನುಡಿಯುತ್ತಾರೆ, ಗರ್ಜಿಸುತ್ತಾರೆ, ಪಿಸುಗುಡುತ್ತಾರೆ. ಎರಡು ಕಾಲಂ ಗೆರೆ ಹಾಕಿ ಎಪ್ಪತ್ತರ ಹಳದಿಯ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ನಕಲು ಮಾಡಿದೆ, ತೆಲುಗು ಹಾಳೆಯನ್ನು ಅದರ ಎದುರಿಗೇ ಗಾರ್ಡ್ ಹಾಕಿ ಕೂರಿಸಿದೆ. ಚಿತ್ರ ಎಡಕ್ಕೆ, ನನ್ನ ಕೈಬರಹ ಬಲಕ್ಕೆ. ಇಡೀ ಪುಸ್ತಕದಲ್ಲಿ ನನಗೆ ಅತಿ ಪ್ರಿಯವಾದದ್ದು ಆ ಜಾಗವೇ. ನೋಡಿದವರು ಮೂವರು, ಮೂವರೂ ಅದು ಅಚ್ಚೋ ಕೈಬರಹವೋ ಎಂದು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು.

ಒಂದು ವಿಷಯ ಮೊದಲೇ ಯೋಚಿಸಿರಲಿಲ್ಲ. ಕಂತು ಮುಗಿಯುವ ಹಾಳೆಯ ಹಿಂಬದಿಯಲ್ಲಿ ಮುಂದಿನ ಕಥೆ ಶುರುವಾಗಿರುತ್ತದೆ. ಎಷ್ಟೋ ಕಡೆ ಅದು ಬೇತಾಳ ಕಥೆ. ಛಲ ಬಿಡದ ವಿಕ್ರಮ ಮರದಿಂದ ಶವ ಇಳಿಸಿ ಹೆಗಲಿಗೇರಿಸಿಕೊಂಡು ಹೊರಡುತ್ತಾನೆ, ಶಂಕರ್ ಬರೆದ ಆ ಚಿತ್ರ ಮೇಲ್ಗಡೆ, ಕೆಳಗೆ ಕಥೆಯ ಒಂದು ಪುಟ. ಅಲ್ಲಿಗೆ ನನ್ನ ಸಂಪುಟದಲ್ಲಿ ಅದು ನಿಂತುಬಿಡುತ್ತದೆ. ಬಿಳಿ ಕಾಗದ ಅಂಟಿಸಿ ಮುಚ್ಚಿಬಿಡಿ ಎಂದು ಒಬ್ಬರು ಸಲಹೆ ಕೊಟ್ಟರು. ಮುಚ್ಚಲಿಲ್ಲ. ಮಗಳು ಆಗ ಏಳನೆಯ ತರಗತಿ. ಅವಳು ಆ ಮೊದಲ ಪುಟಗಳನ್ನು ಓದಿ, ಕಥೆಯನ್ನು ತಾನೇ ಮುಂದುವರಿಸಿ, ಬೇತಾಳ ಕೇಳಬೇಕಾದ ಪ್ರಶ್ನೆಯನ್ನು ತಾನೇ ಹುಟ್ಟಿಸಿ, ನನ್ನನ್ನು ಉತ್ತರ ಕೇಳುತ್ತಿದ್ದಳು. ಉತ್ತರ ತಿಳಿದೂ ಹೇಳದಿದ್ದರೆ ತಲೆ ಸಿಡಿದು ಹೋಳಾದೀತು ಎಂಬ ಎಚ್ಚರಿಕೆ ಸಹಿತ. ಹಾಗೆ ಒಂಬತ್ತು ಕಥೆ ಮಾಡಿದೆವು. ಒಂದೆರಡನ್ನು ಮೂಲದ ಜೊತೆ ಹೋಲಿಸಿದಾಗ ಅವಳ ಪ್ರಶ್ನೆಯೇ ಹೆಚ್ಚು ಗಟ್ಟಿ ಎನಿಸಿತು. ಅವಳಿಗೆ ಈಗ ಹದಿನೇಳು, ಕಾಲೇಜಿನ ಚೀಲದಲ್ಲಿ ಭೌತಶಾಸ್ತ್ರದ ಪುಸ್ತಕದ ಜೊತೆ ಒಂದು ಮುಖಪುಟವಿಲ್ಲದ ಚಂದಮಾಮ ಇರುತ್ತದೆ.

ಹೊಲಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಂಟೆಂಟು ಪಟ್ಟಿಗೆ ಒಂದು ಕಟ್ಟು, ಜೇನುಮೇಣ ಉಜ್ಜಿದ ಲಿನನ್ ದಾರ, ಹೊಲಿಗೆ ಹಿಡಿಯಲು ಬಟ್ಟೆಯ ಮೂರು ಟೇಪು. ಕ್ಯಾಲಿಕೋ ಬಟ್ಟೆಯ ರಟ್ಟು, ಬಣ್ಣ ಕಡುಗೆಂಪು. ಅಂಚು ಕತ್ತರಿಸಲಿಲ್ಲ, ಹಾಳೆಗಳು ಉದ್ದ ಗಿಡ್ಡ ಇದ್ದಂತೆಯೇ ಇವೆ. ಒಟ್ಟು ಖರ್ಚು ನೆನಪಿನಿಂದ ಹೇಳುವುದಾದರೆ ಸುಮಾರು ಮೂವತ್ತೆಂಟು ಸಾವಿರ. ಮೊದಲ ಹನ್ನೊಂದು ಸಾವಿರವೂ ಸೇರಿ ಮೂಟೆಗಳಿಗೂ ಬಿಡಿ ಸಂಚಿಕೆಗಳಿಗೂ ಇಪ್ಪತ್ತೊಂದು, ಜಪಾನಿ ಕಾಗದಕ್ಕೆ ಆರೇಳು ಸಾವಿರ, ಹಾಳಾದ ಪ್ರಯೋಗಗಳಿಗೆ ಐದು, ಉಳಿದದ್ದು ಬಸ್ ಚಾರ್ಜು ಮತ್ತು ಸಣ್ಣಪುಟ್ಟ ಸಾಮಾನು. ಬಿಚ್ಚಿ ಉಳಿದ ಸಂಚಿಕೆಗಳ ಬೇರೆ ಹಾಳೆಗಳಿಂದ ಇನ್ನೆರಡು ಧಾರಾವಾಹಿಗಳು ಅರ್ಧಕ್ಕಿಂತ ಹೆಚ್ಚು ಕೂಡಿವೆ, ಅವನ್ನು ಲೆಕ್ಕಕ್ಕೆ ಹಿಡಿದರೆ ಸಂಪುಟವೊಂದಕ್ಕೆ ಹದಿಮೂರು ಸಾವಿರ ಬೀಳುತ್ತದೆ. ಕಟ್ಟಿದ ಸಂಪುಟವನ್ನು ಬೈಂಡರ್‌ಗೆ ಒಯ್ದು ತೋರಿಸಿದೆ. ಮೇಜಿನ ಮೇಲಿಟ್ಟು ನಡುಭಾಗಕ್ಕೆ ತೆರೆದ. ಅದು ಹಾಗೆಯೇ ಚಪ್ಪಟೆಯಾಗಿ ಬಿತ್ತು. ಬೆನ್ನಿನ ಮೇಲೆ ಹೆಬ್ಬೆರಳು ಒತ್ತಿ ಎರಡು ಸಲ ಮೇಲೆ ಕೆಳಗೆ ಎಳೆದ. ಮಾತಾಡಲಿಲ್ಲ. ಒಳಗೆ ಹೋಗಿ ತನ್ನ ತಂದೆಯ ಕಾಲದ ಹಿತ್ತಾಳೆಯ ಅಕ್ಷರಗಳ ಪೆಟ್ಟಿಗೆ ತಂದು, ಬೆನ್ನಿನ ಮೇಲೆ ಕಥೆಯ ಹೆಸರನ್ನು ಚಿನ್ನದ ಬಣ್ಣದಲ್ಲಿ ಒತ್ತಿಕೊಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ.

ಓದುವ ಮೊದಲು ಕೊನೆಯದಾಗಿ ಒಂದು ಕೆಲಸ ಮಾಡಿದೆ. ನಾಲ್ಕು ದಶಕಗಳಿಂದ ನನ್ನ ನೆನಪಿನಲ್ಲಿ ಉಳಿದಿದ್ದ ಆ ಕಥೆಯ ದೃಶ್ಯಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದೆ, ಒಟ್ಟು ಇಪ್ಪತ್ತಾರು. ಪೆನ್ನು ಹಿಡಿದು ಓದುತ್ತಾ ಸರಿ ಗುರುತು ಹಾಕುತ್ತಾ ಹೋದೆ. ಹತ್ತೊಂಬತ್ತು ಇದ್ದಂತೆಯೇ ಇದ್ದವು, ಕೆಲವಂತೂ ಮಾತಿಗೆ ಮಾತು. ನಾಲ್ಕರಲ್ಲಿ ಪಾತ್ರಗಳು ಅದಲುಬದಲಾಗಿದ್ದವು. ಎರಡು ಅರ್ಧ ಸರಿ. ಕಣಿವೆಯ ಅಂಚಿನಲ್ಲಿ ನಿಂತಿದ್ದ ರಾಜಕುಮಾರ ಮುಂದಿನ ಕಂತಿನ ಮೊದಲ ಪ್ಯಾರಾದಲ್ಲೇ ಕೆಳಗಿಳಿಯುವ ದಾರಿ ಕಂಡುಕೊಂಡಿದ್ದ. ಅಲ್ಲಿಗೆ ಬಂದಾಗ ನಾನು ಪುಸ್ತಕ ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಹೊರಗೆ ಬೀದಿಯಲ್ಲಿ ಉಳಿದ ಪಟಾಕಿ ಹೊಡೆಯುತ್ತಿದ್ದರು.

ಇಪ್ಪತ್ತಾರನೆಯ ದೃಶ್ಯ ಮಾತ್ರ ಎಲ್ಲೂ ಸಿಗಲಿಲ್ಲ. ಬಾವಿಯೊಳಗೆ ಮೆಟ್ಟಿಲು, ಮೆಟ್ಟಿಲ ಕೊನೆಯಲ್ಲಿ ದೀಪ ಹಿಡಿದ ಮುದುಕಿ, ಅವಳ ನೆರಳು ಮಾತ್ರ ಹುಡುಗಿಯದು. ನನಗೆ ಅದು ಅತ್ಯಂತ ಸ್ಪಷ್ಟವಾಗಿ ನೆನಪಿರುವ ಚಿತ್ರ, ಮುದುಕಿಯ ಸೆರಗಿನ ಗೆರೆ ಕೂಡ ಎಣಿಸಿ ಹೇಳಬಲ್ಲೆ. ಎರಡು ಸಲ ಹಾಳೆ ಹಾಳೆ ತಿರುವಿದೆ. ಬೇರೆ ಧಾರಾವಾಹಿಯದಿರಬೇಕು, ಅಥವಾ ಇನ್ನೊಂದು ಮಕ್ಕಳ ಪತ್ರಿಕೆ ‘ಬಾಲಮಿತ್ರ’ದ್ದು. ಕಳೆದ ವಾರ ಎಪ್ಪತ್ತು ಸಂಚಿಕೆಗಳ ಇನ್ನೊಂದು ಮೂಟೆ ಒಂಬೈನೂರಕ್ಕೆ ಸಿಕ್ಕಿದೆ. ಅದು ಈಗ ಗೆಳೆಯನ ಫ್ರೀಜರಿನಲ್ಲಿದೆ, ಮುಂದಿನ ಶನಿವಾರ ಬಿಚ್ಚಬಹುದು.